ನೆಲ ನಡುಗಿದರೂ ನಿಲ್ಲುವ ಪ್ರಯೋಗಾಲಯ

ನವಲಗುಂದ, ಅಣ್ಣಿಗೇರಿ ಕಡೆಯ ರೈತರಿಗೆ ಎರೆಭೂಮಿಯ ಗುಣ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆಯೂ ಬಿರಿಯುತ್ತದೆ. ಇಂಥ ನೆಲದಲ್ಲಿ ಕಾಲೇಜಿಗೊಂದು ವಿಜ್ಞಾನ ಕಟ್ಟಡ ಏಳಬೇಕಾದರೆ ಭೂಕಂಪದ ಲೆಕ್ಕವನ್ನೂ ಹಾಕಬೇಕೆ?

ಹಾಕಲೇಬೇಕು. ದಕ್ಷಿಣದ ಪ್ರಸ್ಥಭೂಮಿ ಅಲುಗಾಡದು ಎಂಬ ನಂಬಿಕೆಗೆ 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಪೆಟ್ಟು ಬಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು; ಆ ಸೀಮೆಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಮಣ್ಣಿನ ಮಾಳಿಗೆ. 2002ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಭೂಕಂಪ ಸಂಹಿತೆಯು ಧಾರವಾಡವನ್ನು ಮೂರನೆಯ, ಅಂದರೆ ಮಧ್ಯಮ ಅಪಾಯದ ವಲಯಕ್ಕೆ ಸೇರಿಸಿತು.

ಕೆಲಸ ಶುರುವಾಗಬೇಕಾದದ್ದು ಮಣ್ಣಿನ ಪರೀಕ್ಷೆಯಿಂದ. ಉಬ್ಬಿ ಕುಗ್ಗುವ ಪದರವನ್ನು ದಾಟಿ ಅಡಿಪಾಯ ಕೆಳಗಿಳಿಯಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗೆಂದೇ ಬುಡದಲ್ಲಿ ಗಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳನ್ನು ರೂಪಿಸಿದೆ. ಅವು ನೆಲದೊಳಗೆ ಬೇರಿನಂತೆ ಹಿಡಿದು ನಿಲ್ಲುತ್ತವೆ.

ಮೇಲಿನ ಕಟ್ಟಡದಲ್ಲಿ ಕಂಬ ತೊಲೆಗಿಂತ ಬಲವಾಗಿರಬೇಕು. ತೊಲೆ ಬಾಗಿದರೆ ಬಿರುಕು. ಕಂಬ ಮುರಿದರೆ ಇಡೀ ಮಹಡಿಯೇ ಕೆಳಗೆ. ಕಂಬದ ಸರಳುಗಳನ್ನು ಸುತ್ತುವ ರಿಂಗಿನ ತುದಿಯನ್ನು 135 ಡಿಗ್ರಿ ಬಾಗಿಸಿ ಒಳಕ್ಕೆ ಸಿಕ್ಕಿಸಬೇಕು. 90 ಡಿಗ್ರಿಗೇ ಬಿಟ್ಟರೆ ಜೋರಾದ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಸುರಿದ ಮೇಲೆ ಈ ತಪ್ಪು ಯಾರ ಕಣ್ಣಿಗೂ ಬೀಳದು. ವಾಹನ ನಿಲ್ಲಿಸಲೆಂದು ಕೆಳಮಹಡಿಯನ್ನು ಬರೀ ಕಂಬಗಳ ಮೇಲೆ ಬಿಡುವುದೂ ಅಪಾಯ. 2001ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಂಥ ಅನೇಕ ಕಟ್ಟಡಗಳು ಕುಸಿದವು.

ಪ್ರಯೋಗಾಲಯಕ್ಕೆ ಇನ್ನೂ ಕೆಲವು ಎಚ್ಚರಿಕೆಗಳುಂಟು. ಆಸಿಡ್ ಬಾಟಲಿಗಳ ಕಪಾಟನ್ನು ಗೋಡೆಗೆ ಬಿಗಿಯಬೇಕು, ಹಲಗೆಗೆ ಅಂಚುಪಟ್ಟಿ ಹಚ್ಚಬೇಕು, ಗ್ಯಾಸ್ ಸಿಲಿಂಡರಿಗೆ ಸರಪಳಿ ಹಾಕಬೇಕು. ಪಕ್ಕದಲ್ಲೇ ತರಗತಿ ನಡೆಯುತ್ತಿದ್ದರೆ ಕಾಮಗಾರಿಯ ಸುತ್ತ ತಗಡಿನ ಬೇಲಿಯೂ ಲಾರಿಗಳಿಗೆ ಬೇರೆ ದಾರಿಯೂ ಇರಬೇಕು.

ಇದಕ್ಕೆಲ್ಲ ಖರ್ಚು ಹೆಚ್ಚಲ್ಲವೇ ಎನ್ನುವವರಿದ್ದಾರೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಅಂದು ಭೂಮಿ ನಡುಗಿರಲಿಲ್ಲ.

ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ತಂದೆತಾಯಿಗಳು ಫಲಿತಾಂಶ, ಶುಲ್ಕ, ಹಾಸ್ಟೆಲ್ ವಿಚಾರಿಸುತ್ತಾರೆ. ಮಣ್ಣಿನ ಪರೀಕ್ಷೆ ಆಗಿದೆಯೇ, ಕಂಬಗಳ ಲೆಕ್ಕ ಹಾಕಿದ ಎಂಜಿನಿಯರ್ ಯಾರು ಎಂದೂ ಕೇಳಲಿ. ಕೇಳುವವರಿದ್ದಾರೆ ಎಂದು ತಿಳಿದರೆ ರಿಂಗು ಬಾಗಿಸುವ ಕೈಯೂ ಎಚ್ಚರವಾಗಿರುತ್ತದೆ.