ವಯಸ್ಸು ನೋಡುವವರು ಬೆಸುಗೆ ನೋಡುತ್ತಾರೆಯೇ?

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನ ಹಾಕಬಾರದೆಂಬ ಆದೇಶ 2025ರ ಜುಲೈ 1ರಂದು ಜಾರಿಗೆ ಬಂತು. ಜನರ ಸಿಟ್ಟಿಗೆ ಕೆಲವೇ ದಿನಗಳಲ್ಲಿ ಅದಕ್ಕೆ ತಡೆಯೂ ಬಿತ್ತು. ಆ ಸುದ್ದಿ ಓದುವ ಹೊತ್ತಿಗೆ ನಮ್ಮ ದೊಡ್ಡಪ್ಪನ 1988ರ ಪ್ರೀಮಿಯರ್ ಪದ್ಮಿನಿ ಗ್ಯಾರೇಜಿನಲ್ಲಿ ಜಾಕ್ ಮೇಲೆ ನಿಂತಿತ್ತು. ಹೊಗೆ ತಪಾಸಣೆಯಲ್ಲಿ ಪಾಸಾಗಿತ್ತು, ಬ್ರೇಕೂ ಸರಿಯಿತ್ತು. ಆದರೆ ಜಾಕ್ ಏರಿಸಿದರೆ ಡ್ರೈವರ್ ಕಡೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ.

‘ಬಾಗಿಲಿನ ತಪ್ಪಲ್ಲ ತಮ್ಮಾ, ಬಾಡಿನೇ ಬಗ್ತಾ ಇದೆ’ ಎಂದರು ಟಿಂಕರಿಂಗ್ ಮಾಡುವ ಹಿರಿಯರು. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆದಾಗ ಬೆರಳುದಪ್ಪದ ಪುಟ್ಟಿ ಕಳಚಿಬಿತ್ತು. ಹಿಂದೆ ಯಾವುದೋ ಗ್ಯಾರೇಜಿನವರು ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ದುಡ್ಡು ಎಣಿಸಿಕೊಂಡಿದ್ದರು. ಒಳಗೆ ಸ್ಪಾಟ್ ವೆಲ್ಡ್‌ಗಳು ಸಾಲಾಗಿ ಬಿಟ್ಟುಕೊಂಡಿದ್ದವು.

ಪದ್ಮಿನಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಪೆಟ್ಟಿಗೆಯೇ ಭಾರ ಹೊರಬೇಕು. ಎರಡು ತಗಡುಗಳನ್ನು ತಾಮ್ರದ ಎಲೆಕ್ಟ್ರೋಡ್‌ಗಳ ನಡುವೆ ಒತ್ತಿ, ಸಾವಿರಾರು ಆಂಪಿಯರ್ ವಿದ್ಯುತ್ತನ್ನು ಅರೆಕ್ಷಣ ಹರಿಸಿದರೆ ಒತ್ತಿದ ಚುಕ್ಕೆಯಲ್ಲಷ್ಟೇ ಲೋಹ ಕರಗಿ ಒಂದಾಗುತ್ತದೆ. ಚುಕ್ಕೆಗಳ ನಡುವಿನ ಸಂದಿಗೆ ನೀರು ಇಳಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ತಗಡುಗಳನ್ನು ಬೇರ್ಪಡಿಸುತ್ತದೆ.

ಕತ್ತರಿಸುವ ಮೊದಲು ಅವರು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಕೊಟ್ಟರು, ಇಲ್ಲದಿದ್ದರೆ ಬಾಡಿ ಕುಸಿಯುತ್ತದೆ. ಹಳೆಯ ಚುಕ್ಕೆಗಳನ್ನು ಮೇಲಿನ ತಗಡಿನಲ್ಲಷ್ಟೇ ಕೊರೆದು ಪಟ್ಟಿ ಬಿಡಿಸಿದರು. ಹೊಸ ತಗಡಿಗೆ 8 ಮಿ.ಮೀ. ತೂತು, ಒಳಮುಖಕ್ಕೆ ಸತುವಿನ ಪ್ರೈಮರ್. ಆಮೇಲೆ ತೂತಿನ ಮೂಲಕ ಕೆಳಗಿನ ತಗಡಿಗೆ ಮಿಗ್ ವೆಲ್ಡ್ ಹಿಡಿಸಿ ತುಂಬಿದರು. ಇದಕ್ಕೆ ಪ್ಲಗ್ ವೆಲ್ಡ್ ಎನ್ನುತ್ತಾರೆ. ಪಕ್ಕಪಕ್ಕದಲ್ಲೇ ಹಾಕುತ್ತಾ ಹೋದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆಂದು ಒಂದು ಇಲ್ಲಿ, ಒಂದು ಅಲ್ಲಿ ಹಾಕಿದರು.

ನಾನು ಮೆಕ್ಯಾನಿಕಲ್ ಓದುತ್ತಿರುವವನು. ರೆಸಿಸ್ಟೆನ್ಸ್ ವೆಲ್ಡಿಂಗ್‌ನ ಚಿತ್ರ ಬರೆದು ಪೂರ್ತಿ ಅಂಕವನ್ನೂ ಪಡೆದಿದ್ದೇನೆ. ಗುಜರಿ ತಗಡಿನ ಮೇಲೆ ನಾನು ಹಾಕಿದ ಮೊದಲ ವೆಲ್ಡ್ ನೋಡಲು ಚೆಂದವೇ ಇತ್ತು. ಅವರು ಉಳಿ ಇಟ್ಟು ಹೊಡೆದರು, ಟಕ್ಕನೆ ಬಿಟ್ಟಿತು. ಕೆಳಗಿನ ತಗಡು ಕರಗಿರಲೇ ಇಲ್ಲ.

ಸರ್ಕಾರದ ಲೆಕ್ಕ ಮಾತ್ರ ಇಸವಿಯದ್ದು. 15 ವರ್ಷಕ್ಕೆ ನೋಂದಣಿ ನವೀಕರಣ. 20 ದಾಟಿದರೆ 2025ರ ಆಗಸ್ಟ್‌ನಿಂದ ಅದಕ್ಕೆ ಶುಲ್ಕ 10,000 ರೂಪಾಯಿ. 50 ದಾಟಿದರೆ 2021ರ ನಿಯಮದಂತೆ ವಿಂಟೇಜ್ ಗೌರವ. ಅದಕ್ಕೂ ಬಾಡಿಯ ಮೂಲ ರೂಪ ಮಾರ್ಪಾಡಾಗಿರಬಾರದು. ಕಾರ್ಖಾನೆಯ ಚುಕ್ಕೆ ಇದ್ದಲ್ಲೇ ಹಾಕಿದ ಪ್ಲಗ್ ವೆಲ್ಡ್ ಮಾರ್ಪಾಡೋ, ದುರಸ್ತಿಯೋ? ನನ್ನ ಪ್ರಕಾರ ದುರಸ್ತಿಯೇ. ಪುಟ್ಟಿ ಮೆತ್ತಿದ ಕಾರು ಹೊರಗಿನಿಂದ ಮೂಲದಂತೆಯೇ ಕಾಣುತ್ತದೆ, ಅಪಘಾತವಾದರೆ ಮಾತ್ರ ಮಡಚಿಕೊಳ್ಳುತ್ತದೆ. ಇವೆರಡರ ವ್ಯತ್ಯಾಸವನ್ನು ಬಡಿದ ಸದ್ದಿನಲ್ಲೇ ಹೇಳಬಲ್ಲ ನಮ್ಮ ಟಿಂಕರ್ ಬಳಿ ಯಾವ ಸರ್ಟಿಫಿಕೇಟೂ ಇಲ್ಲ. ಸರ್ಟಿಫಿಕೇಟ್ ಸಿಗಲಿರುವ ನನಗೆ ಆ ಸದ್ದು ಇನ್ನೂ ಗೊತ್ತಾಗುವುದಿಲ್ಲ. ತಪಾಸಣಾ ಕೇಂದ್ರಗಳಿಗೆ ಯಂತ್ರ ತರಿಸುವಾಗ ಇಂಥವರನ್ನೂ ಪರೀಕ್ಷಿಸಿ, ಪ್ರಮಾಣಪತ್ರ ಕೊಟ್ಟು ಕೂರಿಸಬಾರದೇಕೆ? ಕೆಲಸ ಹುಡುಕುತ್ತಿರುವ ನಮ್ಮಂಥವರಿಗೂ ಅವರ ಪಕ್ಕದಲ್ಲಿ ಕಲಿಯಲು ಒಂದು ಜಾಗವಿರುತ್ತಿತ್ತು.

ಡ್ರೈವರ್ ಕಡೆಯ ಬಾಗಿಲು ಈಗ ಜಾಕ್ ಮೇಲಿದ್ದಾಗಲೂ ಸಲೀಸಾಗಿ ಮುಚ್ಚುತ್ತದೆ. ಎಡಗಡೆಯ ಪಟ್ಟಿಯನ್ನು ಮುಂದಿನ ಭಾನುವಾರ ಬಿಚ್ಚಬೇಕು.