ದಯೆಯ ಪಕ್ಕದಲ್ಲೇ ಸತ್ಯ



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 2,200 ವರ್ಷಕ್ಕೂ ಹಳೆಯದಾದ ಇದನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಯರ, ಗುರುಹಿರಿಯರ ಮಾತಿಗೆ ಬೆಲೆ ಕೊಡಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎನ್ನುತ್ತದೆ ಅದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಹುದು ಎಂದೂ ಹೇಳುತ್ತದೆ.

ಈ ದಯೆ ನಮ್ಮಲ್ಲಿ ಬೆಳೆಯುವುದು ಹೇಗೆ? ಕಷ್ಟ ಉಂಡವರಿಗೆ ತಾನಾಗಿಯೇ ಕರುಣೆ ಬರುತ್ತದೆ ಎಂದು ತಿಳಿದಿದ್ದೇವೆ. ಹಾಗಿದ್ದರೆ ಹೊಡೆತ ತಿಂದು ಬಾಳಿದ ಅತ್ತೆ, ಸೊಸೆಗೆ "ನಾನು ಅನುಭವಿಸಲಿಲ್ಲವೇ, ನೀನೂ ಅನುಭವಿಸು" ಎನ್ನುವುದೇಕೆ? ಆಕೆಗೆ ಬಿದ್ದ ಏಟುಗಳ ನೆನಪಿದೆ. ಆ ದಿನ ನೀರು ಕೊಟ್ಟು ಕೂರಿಸಿದ ನೆರೆಯವಳ ನೆನಪು ಮಾಸಿದೆ. ನೋವಿನ ಲೆಕ್ಕವೊಂದೇ ಉಳಿದರೆ ಮನಸ್ಸು ಕಲ್ಲಾಗುತ್ತದೆ. ಹಿಡಿದ ಕೈಯ ನೆನಪೂ ಉಳಿದರೆ ನಮ್ಮ ಕೈ ಇನ್ನೊಬ್ಬಳಿಗೆ ಚಾಚುತ್ತದೆ.

ಆದ್ದರಿಂದ ಅವರನ್ನು ನೆನೆಯೋಣ. ನಡುರಾತ್ರಿ ಬಾಗಿಲು ತೆರೆದವಳು. ಮಕ್ಕಳಿಗೆ ಮುದ್ದೆ ಹಾಕಿ ಮಲಗಿಸಿದವಳು. "ತಪ್ಪು ನಿನ್ನದಲ್ಲ" ಎಂದವಳು. ಕೂಲಿ ಬಿಟ್ಟು ಠಾಣೆಗೆ ಜೊತೆಯಲ್ಲಿ ಬಂದವಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ತಳ್ಳಿ, ತಂಗಿಯನ್ನು ಮನೆಗೆ ಕರೆತಂದ ಅಣ್ಣ. ಇವರಾರೂ ದೊಡ್ಡವರಲ್ಲ. ಬಂಡೆ ಹೇಳಿದ ಸಣ್ಣವರು ಇವರೇ.

ಆದರೆ ಒಂದು ಎಚ್ಚರ ಬೇಕು. "ಅನ್ನ ಹಾಕುವ ಗಂಡನಿಗೆ ಋಣಿಯಾಗಿರು, ಎರಡೇಟು ಬಿದ್ದರೆ ಏನಾಯಿತು" ಎಂದು ಬುದ್ಧಿ ಹೇಳುವವರಿದ್ದಾರೆ. ಹಗಲಿರುಳು ದುಡಿಯುವವಳು ಉಣ್ಣುವ ಅನ್ನ ಯಾರ ಭಿಕ್ಷೆಯೂ ಅಲ್ಲ. ಹೊಂದಿಕೊಂಡು ಹೋಗು ಎಂದು ಮತ್ತೆ ಅದೇ ಮನೆಗೆ ದಬ್ಬುವುದು ಆಸರೆಯೂ ಅಲ್ಲ. ಕಣ್ಣೆದುರು ಬಾಸುಂಡೆ ಕಂಡರೂ "ಜಾರಿ ಬಿದ್ದಳಂತೆ" ಎಂದು ಸುಮ್ಮನಾದರೆ ದಯೆ ಎಲ್ಲಿ ಉಳಿಯಿತು? ಶಾಸನ ದಯೆಯ ಪಕ್ಕದಲ್ಲೇ ಸತ್ಯವನ್ನು ಇಟ್ಟಿದೆ.

ಸತ್ಯ ಹೇಳುವವರಿಗೆ ಕಾನೂನಿನ ಬೆಂಬಲವೂ ಇದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೊಂದವಳೇ ಹೋಗಬೇಕೆಂದಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 181 ಮಹಿಳಾ ಸಹಾಯವಾಣಿಗೂ ಕರೆ ಮಾಡಬಹುದು.

ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರೋಣ. ಒಬ್ಬೊಬ್ಬರೂ ತಮಗೆ ಆಸರೆಯಾದ ಒಬ್ಬರನ್ನು ನೆನೆದು, ಅವರು ಏನು ಮಾಡಿದರೆಂದು ಬಿಡಿಸಿ ಹೇಳೋಣ. ಬದುಕಿದ್ದರೆ ಹೋಗಿ ಅವರಿಗೇ ಹೇಳೋಣ. ಆಮೇಲೆ ಕೇಳಿಕೊಳ್ಳೋಣ: ನಮ್ಮ ಕೇರಿಯಲ್ಲಿ ಇಂದು ಯಾರ ಮನೆಯಿಂದ ಅಳು ಕೇಳುತ್ತಿದೆ? ಆ ಬಾಗಿಲು ತಟ್ಟುವವರು ಯಾರು? ಒಬ್ಬಳೇ ಹೋಗಲು ಅಂಜಿಕೆಯಾದರೆ ಹತ್ತು ಜನ ಹೋಗೋಣ. ಸಂಘ ಇರುವುದೇ ಅದಕ್ಕೆ.