ಎತ್ತರ, ತೂಕ ಹೇಳಿದ್ರೆ ಸೊಂಟ ಸಿಗುತ್ತಾ?

ಸೆಮಿಸ್ಟರ್ ರಜೆ ಹತ್ತಿರ ಬಂತು ಅಂದ್ರೆ ಕ್ಲಾಸ್ ಗ್ರೂಪಿಗೆ ಒಂದು ಗೂಗಲ್ ಫಾರ್ಮ್ ಬರುತ್ತೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಟ್ರೈನಿಂಗ್‌ಗೆ ಹೋಗುವವರು ತುಂಬಬೇಕಾದ ಫಾರ್ಮ್. ಹೆಸರು, ಯುಎಸ್‌ಎನ್, ರಕ್ತದ ಗುಂಪು, ಎತ್ತರ, ತೂಕ. ಕೊನೆಯ ಎರಡು ಯೂನಿಫಾರ್ಮ್ ಪ್ಯಾಂಟಿಗೆ. ಸೊಂಟ ಎಷ್ಟು ಅಂತ ಮಾತ್ರ ಯಾರೂ ಕೇಳಲ್ಲ. ಯಾರೋ ಒಬ್ಬರು ಎಲ್ಲೋ ಕೂತು, ಚಾರ್ಟ್ ನೋಡಿ, ನಮ್ಮ ಸೈಜ್ ತೀರ್ಮಾನ ಮಾಡ್ತಾರೆ. ಆನ್‌ಲೈನ್ ಅಂಗಡಿಗಳೂ ಈಗ ಇದನ್ನೇ ಮಾಡ್ತಿವೆ. ಅಲ್ಲಿ ಸರಿಯಾಗದಿದ್ದರೆ ರಿಟರ್ನ್ ಬಟನ್ ಇದೆ, ಇಲ್ಲಿ ಇಲ್ಲ.

ನಮ್ಮ ವಾದ ಇಷ್ಟೇ: ಎತ್ತರ, ತೂಕದಿಂದ ಸೈಜ್ ಅಂದಾಜು ಮಾಡಬಹುದು. ಆದರೆ ಆ ಅಂದಾಜಿನ ಮೇಲೆ ಯಾರಿಗೂ ಪ್ಯಾಂಟ್ ಕೊಡಬಾರದು.

ಇದು ಫ್ಯಾಷನ್ ಪ್ರಶ್ನೆ ಅಂತ ನಗಬೇಡಿ. ಕಳೆದ ರಜೆಯಲ್ಲಿ ನಮ್ಮ ಬ್ಯಾಚಿನ ಇಬ್ಬರಿಗೆ ಆದದ್ದು ಕೇಳಿ. ಇಬ್ಬರದ್ದೂ ಒಂದೇ ಎತ್ತರ, ತೂಕದಲ್ಲಿ ಒಂದೆರಡು ಕೆಜಿ ವ್ಯತ್ಯಾಸ. ಇಬ್ಬರಿಗೂ 32 ಬಂತು. ಒಬ್ಬನ ಸೊಂಟ 30, ಇನ್ನೊಬ್ಬನದ್ದು 34. ಮೊದಲನೆಯವನು ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದ. ಆದರೂ ತೊಡೆ ಹತ್ತಿರ ಬಟ್ಟೆ ಜೋಲುತ್ತಿತ್ತು, ಕಾಲಿನ ಮಡಿಕೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಸೂಪರ್‌ವೈಸರ್ ಅವನನ್ನು ಮೆಷಿನ್ ಹತ್ತಿರ ಬಿಡಲಿಲ್ಲ. ಅವರದ್ದು ತಪ್ಪಲ್ಲ, ನಾವಾಗಿದ್ದರೂ ಬಿಡ್ತಿರಲಿಲ್ಲ. ಹದಿನೈದು ದಿನದ ಟ್ರೈನಿಂಗನ್ನು ಅವನು ಹಳದಿ ಗೆರೆಯ ಆಚೆ ನಿಂತು ನೋಡಿ ಮುಗಿಸಿದ. ಎರಡನೆಯವನಿಗೆ ಬಗ್ಗೋಕೇ ಆಗ್ತಿರಲಿಲ್ಲ. ಜೊತೆಗೆ ಬಂದ ಹುಡುಗಿಯರಿಗಂತೂ ಗಂಡಸರ ‘ಸ್ಮಾಲ್’ ಪ್ಯಾಂಟ್. ಸೊಂಟಕ್ಕೆ ಸರಿಯಾದರೆ ಹಿಪ್ಸ್‌ಗೆ ಇಲ್ಲ, ಅದಕ್ಕಾದರೆ ಇದಕ್ಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಪ್ಯಾಂಟ್ ಇದ್ದಷ್ಟು ಸೊಂಟ ಮಾಡ್ಕೊಳ್ಳೋದು ಹೇಗೆ?

ಅಂದಾಜಿನ ಲೆಕ್ಕ ಪೂರ್ತಿ ಬುರುಡೆ ಅಂತ ನಾವು ಹೇಳ್ತಿಲ್ಲ. ನಾವೇ ಮಾಡಿ ನೋಡೋಣ. ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಈಜು ಕಲಿತವರಿಗೆ ಗೊತ್ತು. ಅಂದ್ರೆ 65 ಕೆಜಿ ಮನುಷ್ಯ ಸುಮಾರು 65 ಲೀಟರ್. ಅವನನ್ನು 170 ಸೆಂ.ಮೀ. ಎತ್ತರದ ಒಂದು ಸಿಲಿಂಡರ್ ಅಂದ್ಕೊಳ್ಳಿ. 65,000ವನ್ನು 170ರಿಂದ ಭಾಗಿಸಿ, ನಾಲ್ಕು ಪೈಯಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. (ಇಂಗ್ಲಿಷ್ ಮೀಡಿಯಂನ ನಮಗೆ ಸ್ಕ್ವೇರ್ ರೂಟ್‌ಗೆ ‘ವರ್ಗಮೂಲ’ ಅನ್ನೋ ಪದ ಸಿಕ್ಕಿದ್ದೇ ಈ ಕ್ಲಬ್ಬಿಗೆ ಬಂದ ಮೇಲೆ.) ಸುತ್ತಳತೆ ಸುಮಾರು 69 ಸೆಂ.ಮೀ., ಅಂದ್ರೆ 27 ಇಂಚು ಚಿಲ್ಲರೆ. ನಿಜವಾದ ಸೊಂಟ ಇದಕ್ಕಿಂತ ಜಾಸ್ತಿ ಇರುತ್ತೆ, ಯಾಕಂದ್ರೆ ನಮ್ಮ ಕತ್ತು, ಕಾಲು, ಹೊಟ್ಟೆ ಒಂದೇ ದಪ್ಪ ಇಲ್ಲ. 1.17ರಿಂದ ಗುಣಿಸಿದರೆ 32 ಬರುತ್ತೆ. ಅದೇ ಎತ್ತರಕ್ಕೆ ತೂಕ 75 ಆದರೆ 34 ದಾಟುತ್ತೆ. ಅಂದ್ರೆ ಹತ್ತು ಕೆಜಿಗೆ ಒಂದು ಸೈಜ್. ಪರವಾಗಿಲ್ಲ, ನಂಬೋ ಹಾಗಿದೆ.

ಎಡವಟ್ಟು ಇರೋದು ಆ 1.17ರಲ್ಲಿ. ಅದು ಎಲ್ಲರಿಗೂ ಒಂದೇ ಅಲ್ಲ. ತೂಕ ಮೈಯಲ್ಲಿ ಎಲ್ಲಿ ಕೂತಿದೆ ಅನ್ನೋದರ ಮೇಲೆ ಅದು ಬದಲಾಗುತ್ತೆ. ಕಬಡ್ಡಿ ಆಡೋನ ತೂಕ ತೊಡೆಯಲ್ಲಿ, ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರೋನದ್ದು ಹೊಟ್ಟೆಯಲ್ಲಿ. ಆ ಸಂಖ್ಯೆ ಶೇಕಡಾ 5ರಷ್ಟು ಆಚೆ ಈಚೆ ಆದರೂ 32 ಹೋಗಿ 30.4 ಅಥವಾ 33.6 ಆಗುತ್ತೆ. ನಮ್ಮ ಇಬ್ಬರು ಗೆಳೆಯರ ಕಥೆ ಇದೇ. ಎತ್ತರ, ತೂಕ ಎರಡೂ ಸರಿಯಾಗಿ ಹೇಳಿದರೂ ಈ ಮಾಹಿತಿ ಅದರೊಳಗೆ ಇಲ್ಲವೇ ಇಲ್ಲ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದರು. ಎತ್ತರ, ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದ್ದೂ 22.3. ಆದರೆ ಮೈಯಲ್ಲಿನ ಕೊಬ್ಬು ಒಬ್ಬರಿಗೆ ಶೇಕಡಾ 9.1, ಇನ್ನೊಬ್ಬರಿಗೆ ಶೇಕಡಾ 21.2. ಜಾಸ್ತಿ ಇದ್ದದ್ದು ನಮ್ಮ ಪುಣೆಯವರಿಗೇ. ನೋಡೋಕೆ ಸಣ್ಣ, ಆದರೆ ಹೊಟ್ಟೆಯ ಸುತ್ತ ಕೊಬ್ಬು: ಭಾರತೀಯರಲ್ಲಿ ಇದು ಸಾಮಾನ್ಯ. ಹಾಗಿದ್ದ ಮೇಲೆ ಬೇರೆ ದೇಶದವರ ಮೈ ನೋಡಿ ಮಾಡಿದ ಚಾರ್ಟ್ ನಮ್ಮ ಸೊಂಟಕ್ಕೆ ಹೇಗೆ ಒಪ್ಪುತ್ತೆ?

ಉದ್ದದ ವಿಷಯದಲ್ಲಿ ಅಂದಾಜು ಸ್ವಲ್ಪ ವಾಸಿ. ಒಳಗಾಲಿನ ಅಳತೆ ಎತ್ತರದ ಶೇಕಡಾ 45ರ ಆಸುಪಾಸು ಇರುತ್ತೆ. 170 ಸೆಂ.ಮೀ. ಇದ್ದವನಿಗೆ 30 ಇಂಚು. ತಪ್ಪಿದರೂ ಮಡಿಸಿ ಹೊಲಿಸಬಹುದು. ಸೊಂಟಕ್ಕೆ ಆ ಸೌಲಭ್ಯ ಕಡಿಮೆ. ಊರಿನ ಟೈಲರ್ ಪ್ಯಾಂಟ್ ಹೊಲಿದರೆ ಹಿಂದಿನ ಹೊಲಿಗೆಯೊಳಗೆ ಒಂದೆರಡು ಇಂಚು ಬಟ್ಟೆ ಬಿಟ್ಟಿರ್ತಾರೆ, ದಪ್ಪ ಆದ್ರೆ ಬಿಚ್ಚಿಸಬಹುದು. ರೆಡಿಮೇಡ್‌ನಲ್ಲಿ ಸಾಮಾನ್ಯವಾಗಿ ಅದೂ ಇರಲ್ಲ. ಅದೇ ಟೈಲರ್ ಉದ್ದ, ಸೊಂಟ, ಸೀಟು, ತೊಡೆ, ಮಂಡಿ, ಬಾಟಮ್ ಅಂತ ಆರು ಅಳತೆ ಬರ್ಕೊಳ್ತಾರೆ. ತೂಕ ಎಷ್ಟು ಅಂತ ಅವರು ಯಾವತ್ತಾದರೂ ಕೇಳಿದ್ದಾರಾ?

ಕಾರ್ಖಾನೆಯಲ್ಲಿ ಇದು ಸುರಕ್ಷತೆಯ ಮಾತೂ ಹೌದು. 1948ರ ಫ್ಯಾಕ್ಟರಿ ಕಾಯ್ದೆಯ 22ನೇ ಸೆಕ್ಷನ್ ಬರೆದವರಿಗೆ ಇದು ಗೊತ್ತಿತ್ತು. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಎಣ್ಣೆ ಹಾಕುವ ಕೆಲಸಗಾರ ಬಿಗಿಯಾದ ಉಡುಪು ಹಾಕಿರಬೇಕು, ಅದನ್ನು ಕಾರ್ಖಾನೆಯವರೇ ಕೊಡಬೇಕು ಅಂತ ಅದರಲ್ಲಿತ್ತು. ನಾವು ಟ್ರೈನಿಗಳು, ಆ ಕೆಲಸ ಮಾಡೋರಲ್ಲ, ಒಪ್ಪಿದ್ವಿ. ಆದರೆ ತಿರುಗುವ ಶಾಫ್ಟಿಗೆ ಟ್ರೈನಿ ಯಾರು, ಪರ್ಮನೆಂಟ್ ಯಾರು ಅಂತ ಗೊತ್ತಾಗಲ್ಲ. ಜೋಲುವ ಬಟ್ಟೆ ಸಿಕ್ಕರೆ ಎಳ್ಕೊಳ್ಳುತ್ತೆ.

‘ಅರವತ್ತು ಜನರನ್ನ ಅಳೀತಾ ಕೂರೋಕಾಗುತ್ತಾ?’ ಅಂತ ಕೇಳ್ತಾರೆ. ಆಗುತ್ತೆ. ಒಬ್ಬರಿಗೆ ಅರ್ಧ ನಿಮಿಷ ಅಂದ್ರೆ ಅರವತ್ತು ಜನಕ್ಕೆ ಅರ್ಧ ಗಂಟೆ. ಎಲ್ಲರ ಮುಂದೆ ಅಳೆಸಿಕೊಳ್ಳೋಕೆ ಮುಜುಗರ ಅನ್ನೋದು ನಿಜವಾದ ತೊಂದರೆ. ಅದಕ್ಕೆ ಹಾಸ್ಟೆಲ್ ರೂಮಿನಲ್ಲೇ ಅಳ್ಕೊಂಡು ಫಾರ್ಮ್ ತುಂಬಲಿ. ಪ್ಯಾಂಟ್ ಎಲ್ಲಿ ಕೂರುತ್ತೋ ಅಲ್ಲಿ ಟೇಪ್ ಸುತ್ತಿ, ಹೊಟ್ಟೆ ಒಳಗೆಳೀದೆ, ಟೇಪಿನ ಒಳಗೆ ಒಂದು ಬೆರಳು ಆಡೋ ಹಾಗೆ ಬಿಟ್ಟು ಓದಿ. ಈಗ ಹಾಕಿರೋ ಜೀನ್ಸಿನ ಲೇಬಲ್ ನೋಡಿ ಬರೀಬೇಡಿ, ಲೇಬಲ್ ನಂಬೋ ಹಾಗಿಲ್ಲ. 2010ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಯವರು 36 ಅಂತ ಬರೆದಿದ್ದ ಪ್ಯಾಂಟುಗಳನ್ನು ಅಳೆದಾಗ ಒಂದು 41 ಇಂಚು ಇತ್ತು.

ನಮ್ಮ ದೇಶದ ಮೈಕಟ್ಟಿಗೆ ನಮ್ಮದೇ ಚಾರ್ಟ್ ಬೇಕು ಅಂತ ನಿಫ್ಟ್‌ನವರು ‘ಇಂಡಿಯಾ ಸೈಜ್’ ಯೋಜನೆ ಶುರು ಮಾಡಿದರು. 15ರಿಂದ 65 ವರ್ಷದ 25,000 ಜನರನ್ನು ಆರು ನಗರಗಳಲ್ಲಿ 3ಡಿ ಸ್ಕ್ಯಾನರ್‌ನಿಂದ ಅಳೆಯುವ ಯೋಜನೆ, ಬೆಂಗಳೂರೂ ಅದರಲ್ಲಿದೆ. ಒಳ್ಳೇದು. ಆದರೆ ಎಷ್ಟೇ ಒಳ್ಳೆಯ ಚಾರ್ಟ್ ಆದರೂ ಅದು ಹೇಳೋದು ಯಾವ ಸೈಜ್ ಎಷ್ಟು ಹೊಲೀಬೇಕು ಅಂತ. ಯಾವ ಪ್ಯಾಂಟ್ ಯಾರಿಗೆ ಅನ್ನೋದನ್ನು ಟೇಪೇ ಹೇಳಬೇಕು. ಅರವತ್ತು ಜನಕ್ಕೆ ಆರ್ಡರ್ ಹಾಕೋ ಮುಂಚೆ ಚಾರ್ಟ್ ನೋಡಲಿ, ಹಂಚೋವಾಗ ಟೇಪ್ ಹಿಡೀಲಿ.

ನಾವು ವರ್ಕ್‌ಶಾಪಿನಲ್ಲಿ ಒಂದು ಕಬ್ಬಿಣದ ತುಂಡಿಗೆ ವರ್ನಿಯರ್ ಹಿಡಿದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಓದ್ತೀವಿ. ಎರಡು ಸಲ ಓದಿಲ್ಲ ಅಂದ್ರೆ ರೆಕಾರ್ಡ್ ವಾಪಸ್ ಬರುತ್ತೆ. ಆ ತುಂಡು ಹಿಡಿದಿರೋ ಹುಡುಗನ ಸೊಂಟಕ್ಕೆ ಮಾತ್ರ ಎರಡಿಂಚು ಆಚೆ ಈಚೆ ನಡೆಯುತ್ತೆ.

ಹಾಗಾಗಿ ಮೂರು ಬೇಡಿಕೆ. ಮುಂದಿನ ಫಾರ್ಮ್‌ನಲ್ಲಿ ಸೊಂಟ, ಸೀಟು, ಒಳಗಾಲು ಅಂತ ಮೂರು ಕಾಲಂ ಬರಲಿ. ಹುಡುಗಿಯರಿಗೆ ಅವರದ್ದೇ ಕಟಿಂಗಿನ ಪ್ಯಾಂಟ್ ತರಿಸಲಿ. 28ರಿಂದ 38ರ ತನಕ ಆರು ಸ್ಯಾಂಪಲ್ ಪ್ಯಾಂಟ್ ಟ್ರೈನಿಂಗ್ ಆಫೀಸಿನಲ್ಲಿ ಇರಲಿ, ಹಾಕಿ ನೋಡೋಕೆ. ಟೇಪ್ ಇಲ್ಲ ಅನ್ನೋ ಕಾರಣ ಬೇಡ. ಕನ್ನಡ ಕ್ಲಬ್ಬಿನ ರೂಮಿನಲ್ಲಿ ಈ ವಾರದಿಂದ ಮೂರು ಟೇಪ್ ಇಟ್ಟಿದ್ದೀವಿ. ತಗೊಂಡು ಹೋಗಿ, ಅಳ್ಕೊಳ್ಳಿ, ವಾಪಸ್ ತಂದಿಡಿ.